ನೋಡದೆ ಲ್ಯಾಪ್‌ಟಾಪ್ ಚಾರ್ಜರ್ ಸುತ್ತಿಡುವುದು: ನಿಮ್ಮ ಕೈ ಅಭ್ಯಾಸ ಹೇಳಿ

ಬಿಳಿಕೋಲು ಧಾರವಾಡ

ಎಲ್ಲರಿಗೂ ನಮಸ್ಕಾರ. ನನಗೆ ಕಣ್ಣು ಪೂರ್ತಿ ಕಾಣುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ. ಹೊಸದಾಗಿ ಕಂಪ್ಯೂಟರ್ ಕಲಿಯುವ ನಮ್ಮಂಥವರು ಸ್ಕ್ರೀನಿನಲ್ಲಿ ಇರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದ ಬಗ್ಗೆ, ಟೈಪಿಂಗ್ ಬಗ್ಗೆ ಕೇಳುತ್ತಿರುತ್ತಾರೆ. ಅದನ್ನು ಕಲಿಸುವವರು ಇದ್ದಾರೆ. ಬೆಂಗಳೂರಿನ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ತರಬೇತಿ ಕೊಡುತ್ತವೆ. ಆದರೆ ಕ್ಲಾಸ್ ಮುಗಿದ ಮೇಲೆ ಚಾರ್ಜರ್ ವೈರನ್ನು ಹೇಗೆ ಸುತ್ತಿ ಬ್ಯಾಗಿಗೆ ಹಾಕಬೇಕು ಅನ್ನುವುದನ್ನು ಕನ್ನಡದಲ್ಲಿ ಬಿಡಿಸಿ ಬರೆದದ್ದು ನನ್ನ ಕೈಗೆ ಸಿಕ್ಕಿಲ್ಲ. ಅದಕ್ಕೇ ಇಲ್ಲಿ ಶುರು ಮಾಡುತ್ತಿದ್ದೇನೆ.

ಕಣ್ಣಿದ್ದವರು ಗಂಟು ಬಿದ್ದರೆ ನೋಡಿ ಬಿಡಿಸುತ್ತಾರೆ. ನಾವು ಎಳೆ ಎಳೆಯನ್ನೂ ಬೆರಳಲ್ಲಿ ಹಿಂಬಾಲಿಸಿ ಬಿಡಿಸಬೇಕು. ಮೀಟಿಂಗ್ ಹೊತ್ತಿಗೆ ಅದು ಆಗುವ ಮಾತಲ್ಲ. ಹಾಗಾಗಿ ಬಿಚ್ಚುವಾಗ ಏನು ಬೇಕೋ ಅದನ್ನು ಸುತ್ತುವಾಗಲೇ ಮಾಡಿಟ್ಟುಕೊಳ್ಳಬೇಕು.

ನನ್ನ ಕ್ರಮ ಇದು. ಮೊದಲು ಗೋಡೆಯ ಸ್ವಿಚ್ ಆಫ್. ನಮ್ಮ ಕಡೆ ಸ್ವಿಚ್ಚಿನ ಕೆಳಭಾಗ ಒಳಗೆ ಹೋಗಿದ್ದರೆ ಆನ್, ಮೇಲ್ಭಾಗ ಹೋಗಿದ್ದರೆ ಆಫ್. ಎಕ್ಸ್‌ಟೆನ್ಷನ್ ಬೋರ್ಡನ್ನು ಯಾರಾದರೂ ತಲೆಕೆಳಗಾಗಿ ಇಟ್ಟಿರಬಹುದು, ಅಲ್ಲಿ ಇದನ್ನು ನಂಬಬೇಡಿ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಶಿಫ್ಟ್, ಬಿ ಒಟ್ಟಿಗೆ ಒತ್ತಿದರೆ ಚಾರ್ಜ್ ಆಗುತ್ತಿದೆಯೋ ಇಲ್ಲವೋ ಅಂತ ಹೇಳುತ್ತದೆ. ಆಮೇಲೆ ಮೂರು ಪಿನ್ನಿನ ಪ್ಲಗ್ಗನ್ನು ಅದರ ಮೈ ಹಿಡಿದು ಕೀಳಿ. ವೈರ್ ಹಿಡಿದು ಎಳೆಯಬೇಡಿ. ಕೊನೆಗೆ ಲ್ಯಾಪ್‌ಟಾಪ್ ತುದಿ.

ಗೋಡೆಯಿಂದ ಅಡಾಪ್ಟರ್‌ಗೆ ಬರುವ ದಪ್ಪ ವೈರನ್ನು ಅಡಾಪ್ಟರ್‌ನಿಂದ ಬಿಡಿಸಿ ಬೇರೆ ಇಡಿ. ಎರಡನ್ನೂ ಸೇರಿಸಿ ಸುತ್ತಿದರೆ ಕೈಯಲ್ಲಿ ನಾಲ್ಕು ವೈರ್ ಇದ್ದ ಹಾಗೆ ಅನ್ನಿಸುತ್ತದೆ, ಯಾವುದು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯುವುದಿಲ್ಲ.

ಈಗ ಅಡಾಪ್ಟರ್ ಡಬ್ಬಿಯನ್ನು ಮೇಜಿನ ಮೇಲೆ ಇಡಿ. ಸಣ್ಣ ವೈರ್ ಹೊರಡುವ ಕತ್ತು ಬಲಗಡೆ ಇರಲಿ. ಕತ್ತಿನಿಂದ ಒಂದು ಗೇಣು ವೈರನ್ನು ಹಾಗೇ ಸಡಿಲ ಬಿಡಿ. ಅಲ್ಲಿ ಒಂದು ವೆಲ್ಕ್ರೋ ಪಟ್ಟಿ ಕಟ್ಟಿಟ್ಟಿರಬೇಕು. ಪಟ್ಟಿ ಸಿಕ್ಕ ಕಡೆ ಎಡಗೈಯಲ್ಲಿ ಹಿಡಿದು ಸುತ್ತಲು ಶುರು ಮಾಡಿ. ಒಂದೊಂದು ಸುತ್ತೂ ಈ ತುದಿಯಿಂದ ಆ ತುದಿಗೆ ಒಂದು ಗೇಣು ಇರಲಿ, ಅಂದರೆ ಹೋಗಿ ಬರಲು ಎರಡು ಗೇಣು ವೈರ್. ಸುಮಾರು 1.8 ಮೀಟರ್ ವೈರ್ ಆದರೆ ನಾಲ್ಕು ಸುತ್ತಿಗೆ ಮುಗಿಯುತ್ತದೆ. ಎಣಿಸುತ್ತಾ ಸುತ್ತಿ. ಯಾವಾಗಲೂ ನಾಲ್ಕು ಬರುವುದು ಇವತ್ತು ಮೂರೇ ಬಂತು ಅಂದರೆ ವೈರ್ ಎಲ್ಲೋ ಕುರ್ಚಿಗೋ ಬ್ಯಾಗಿನ ಜಿಪ್ಪಿಗೋ ಸಿಕ್ಕಿದೆ ಅಂತ ಅರ್ಥ. ತುದಿಯ ಪಿನ್ ನಾಲ್ಕು ಬೆರಳಿನಷ್ಟು ಹೊರಗೆ ಇರಲಿ. ಪಟ್ಟಿಯನ್ನು ಎಲ್ಲಾ ಸುತ್ತುಗಳ ಮೇಲೆ ತಂದು ಅಂಟಿಸಿ. ಬಿಚ್ಚುವಾಗ ಮೊದಲು ಕೈಗೆ ಸಿಗುವುದು ಪಿನ್. ಅದೇ ಬೇಕಾದದ್ದು.

ಈ ಪಟ್ಟಿ ವೈರ್‌ಗೆ ಕಾಯಂ ಕಟ್ಟಿಯೇ ಇರಬೇಕು. ಬಿಡಿ ಪಟ್ಟಿ ಕೆಳಗೆ ಬಿದ್ದರೆ ಹುಡುಕುವುದು ಅದೇ ಒಂದು ಕೆಲಸ. ಅದಕ್ಕೇ ಹೇಳಿದೆ. ನೀವೆಲ್ಲ ಹೇಗೆ ಮಾಡುತ್ತೀರಿ?

ರಿಪೇರಿ ಬೆಂಚ್

ಸರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು, ಕಣ್ಣು ಕಾಣುತ್ತದೆ. ಕತ್ತಿನ ಹತ್ತಿರ ಒಂದು ಗೇಣು ಸಡಿಲ ಬಿಡಿ ಅಂದಿರಲ್ಲ, ಅದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಯಾಕೆ ಅಂತ ಹೇಳುತ್ತೇನೆ.

ಅಡಾಪ್ಟರ್‌ನಿಂದ ಲ್ಯಾಪ್‌ಟಾಪ್‌ಗೆ ಹೋಗುವ ಗುಂಡು ವೈರಿನಲ್ಲಿ ಸಾಮಾನ್ಯವಾಗಿ ನಡುವೆ ಒಂದು ತಂತಿ, ಅದರ ಸುತ್ತ ಕೂದಲಿನಂಥ ತಾಮ್ರದ ಎಳೆಗಳು ಇರುತ್ತವೆ. ಜನ ಏನು ಮಾಡುತ್ತಾರೆ ಅಂದರೆ, ಡಬ್ಬಿಗೇ ವೈರನ್ನು ಬಿಗಿಯಾಗಿ ಸುತ್ತುತ್ತಾರೆ. ಆಗ ಕತ್ತಿನಲ್ಲಿ ವೈರ್ ಮೂಲೆಯ ಹಾಗೆ ಮಡಚುತ್ತದೆ. ದಿನಾ ಅದೇ ಜಾಗದಲ್ಲಿ ಮಡಚಿದರೆ ಎಳೆಗಳು ಒಂದೊಂದೇ ಕಡಿಯುತ್ತವೆ. ಹೊರಗೆ ರಬ್ಬರ್ ಸರಿಯಾಗೇ ಇರುತ್ತದೆ, ಒಳಗೆ ಮಾತ್ರ ಹೋಗಿರುತ್ತದೆ. ಉಳಿದ ಕಡಿಮೆ ಎಳೆಗಳಲ್ಲಿ ಅಷ್ಟೂ ಕರೆಂಟ್ ಹರಿಯಬೇಕು, ಆ ಜಾಗ ಬಿಸಿಯಾಗುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಅಡಾಪ್ಟರ್ ಯಾವುದು ಅಂತ ಲ್ಯಾಪ್‌ಟಾಪ್‌ಗೆ ತಿಳಿಸಲು ಇನ್ನೊಂದು ಸಣ್ಣ ತಂತಿ ಇರುತ್ತದೆ. ಅದು ಕಡಿದರೆ ಕರೆಂಟ್ ಬರುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಜನ ಬ್ಯಾಟರಿ ಹೋಯಿತು ಅಂದುಕೊಂಡು ಬ್ಯಾಟರಿ ಬದಲಾಯಿಸುತ್ತಾರೆ.

ಇದನ್ನು ಕೈಯಲ್ಲೇ ಕಂಡುಹಿಡಿಯಬಹುದು. ಗೋಡೆಯಿಂದ ಪ್ಲಗ್ ಕಿತ್ತ ಮೇಲೆ ಮಾತ್ರ ಮಾಡಿ. ಎರಡು ಬೆರಳಲ್ಲಿ ವೈರನ್ನು ಈ ತುದಿಯಿಂದ ಆ ತುದಿಗೆ ಸವರಿ. ಕತ್ತಿನ ಹತ್ತಿರ ಮೆತ್ತಗೆ ಅನ್ನಿಸಿದರೆ, ಚಪ್ಪಟೆ ಆಗಿದ್ದರೆ, ಸುಕ್ಕು ಇದ್ದರೆ, ಜಿಗುಟು ಇದ್ದರೆ, ಒಂದು ಕಡೆ ಮಾತ್ರ ಬಿಸಿ ಇದ್ದರೆ ತೋರಿಸಿ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಮತ್ತೆ ಹಾಕಲೇಬೇಡಿ. ಮೇಲೆ ಟೇಪ್ ಸುತ್ತಿ ಬಳಸುವುದೂ ಬೇಡ. ಟೇಪ್ ಒಳಗಿನ ಎಳೆಯನ್ನು ಜೋಡಿಸುವುದಿಲ್ಲ.

ಇನ್ನೊಂದು. ಹಲವು ವೈರ್‌ಗಳಲ್ಲಿ ಪಿನ್ನಿನ ಹತ್ತಿರ ಬೆರಳು ದಪ್ಪದ ಒಂದು ಉಬ್ಬು ಇರುತ್ತದೆ. ಅದರೊಳಗೆ ಫೆರೈಟ್ ಇದೆ, ವಿದ್ಯುತ್ ಗದ್ದಲ ತಡೆಯಲು. ಪಿಂಗಾಣಿ ಥರದ ವಸ್ತು, ಪೆಟ್ಟು ಬಿದ್ದರೆ ಒಡೆಯುತ್ತದೆ. ಆದರೆ ನಿಮಗೆ ಅದು ಒಳ್ಳೆ ಗುರುತು. ಉಬ್ಬು ಸಿಕ್ಕಿತು ಅಂದರೆ ಲ್ಯಾಪ್‌ಟಾಪ್ ತುದಿ ಹತ್ತಿರ ಬಂತು.

ಬಿಳಿಕೋಲು ಧಾರವಾಡ

ಉಬ್ಬು ನನಗೆ ಗೊತ್ತಿತ್ತು, ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ. ಥ್ಯಾಂಕ್ಸ್ ಅಣ್ಣಾ. ನಾನು ಸುತ್ತುವುದನ್ನು ನಿಲ್ಲಿಸುವುದೇ ಆ ಉಬ್ಬಿನ ಹತ್ತಿರ.

ಸೌಂಡ್ ಸಿಸ್ಟಂ ಶಿವಮೊಗ್ಗ

ಸ್ಟೇಜಿನಲ್ಲಿ ಮೈಕ್ ವೈರ್ ಸುತ್ತುವುದು ನಮ್ಮ ದಿನದ ಕೆಲಸ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಲೈಟ್ ಆರಿಸಿರುತ್ತಾರೆ, ಕತ್ತಲಲ್ಲೇ ಸುತ್ತುತ್ತೇವೆ. ನಾವು ಮಾಡುವುದು ಒಂದು ಮೇಲೆ, ಒಂದು ಕೆಳಗೆ. ಚಾರ್ಜರ್‌ಗೂ ಹೊಂದುತ್ತದೆ.

ಒಂದೇ ದಿಕ್ಕಿಗೆ ಸುತ್ತುತ್ತಾ ಹೋದರೆ ಪ್ರತಿ ಸುತ್ತಿಗೂ ವೈರ್ ಒಂದು ಸಲ ತಿರುಚಿಕೊಳ್ಳುತ್ತದೆ. ಬಿಚ್ಚಿ ಎಳೆದಾಗ ಆ ತಿರುಚು ಹಾಗೇ ಉಳಿದು ಸುರುಳಿ ಸುರುಳಿ ಆಗುತ್ತದೆ. ಒಂದು ಸುತ್ತು ಈ ಕಡೆ, ಮುಂದಿನದು ಆ ಕಡೆ ತಿರುಗಿಸಿದರೆ ಒಂದರ ತಿರುಚನ್ನು ಇನ್ನೊಂದು ಕಳೆಯುತ್ತದೆ.

ಕೈಗೆ ಹೇಳುವುದಾದರೆ ಹೀಗೆ. ಎಡಗೈಯಲ್ಲಿ ವೈರ್ ಹಿಡಿದಿದ್ದೀರಿ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮುಂದಿನ ವೈರ್ ಹಿಡಿದು, ಹೆಬ್ಬೆರಳನ್ನು ಮುಂದಕ್ಕೆ ಸ್ವಲ್ಪ ಉರುಳಿಸುತ್ತಾ ಎಡಗೈಗೆ ತನ್ನಿ. ಇದು ಮೇಲಿನ ಸುತ್ತು. ಈಗ ಬಲಗೈಯನ್ನು ತಿರುವಿ, ಹೆಬ್ಬೆರಳು ನೆಲದ ಕಡೆ ಇರುವ ಹಾಗೆ ವೈರ್ ಹಿಡಿಯಿರಿ. ತರುತ್ತಾ ಕೈಯನ್ನು ಮಾಮೂಲಿ ಸ್ಥಿತಿಗೆ ತಿರುಗಿಸಿ. ಬರುವ ವೈರ್ ಸುತ್ತಿನ ಒಳಗಡೆಯಿಂದ ಬಂದ ಹಾಗೆ ಆಗುತ್ತದೆ. ಇದು ಕೆಳಗಿನ ಸುತ್ತು. ಹೀಗೇ ಒಂದಾದ ಮೇಲೊಂದು. ಸರಿಯಾಗಿ ಬಂದರೆ ವೈರ್ ಕೈಯಲ್ಲಿ ಸದ್ದಿಲ್ಲದೆ ಮಲಗುತ್ತದೆ. ತಪ್ಪಿದರೆ ಎದ್ದು ನಿಲ್ಲುತ್ತದೆ. ಕಣ್ಣು ಬೇಕಾಗಿಲ್ಲ, ಕೈಗೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಇದೆ. ಹೀಗೆ ಸುತ್ತಿದ ಮೇಲೆ ಪಿನ್ನಿನ ತುದಿ ಸುತ್ತುಗಳ ನಡುವಿನ ತೂತಿನೊಳಗೆ ನುಗ್ಗಬಾರದು. ನುಗ್ಗಿತು ಅಂದರೆ ಎಳೆದಾಗ ಸಾಲು ಸಾಲು ಗಂಟು ಬೀಳುತ್ತದೆ. ಸರ್ ಹೇಳಿದ ಹಾಗೆ ತುದಿಯನ್ನು ಹೊರಗೇ ಇಟ್ಟು ಪಟ್ಟಿ ಹಾಕಿದರೆ ಆ ಭಯ ಇಲ್ಲ.

ಚೀಲವೇ ಸಾಕು

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೂ ಕಣ್ಣು ಕಾಣುವುದಿಲ್ಲ. ನಾನು ಸುತ್ತುವುದೇ ಇಲ್ಲ. ಲಾಡಿ ಹಾಕಿದ ಬಟ್ಟೆ ಚೀಲದೊಳಗೆ ಡಬ್ಬಿ ಮೊದಲು ಹಾಕುತ್ತೇನೆ, ಮೇಲೆ ವೈರನ್ನು ಸುಮ್ನೆ ತುಂಬುತ್ತೇನೆ, ಪಿನ್ ಕೊನೆಗೆ. ಒಂದು ಚೀಲಕ್ಕೆ ಒಂದೇ ವೈರ್. ತೆಗೆಯುವಾಗ ಪಿನ್ ಹಿಡಿದು ಎಳೆದರೆ ಬರುತ್ತದೆ. ಬಗ್ಗಿಸುವುದೂ ಇಲ್ಲ, ತಿರುಚುವುದೂ ಇಲ್ಲ. ಪ್ರತಿಯೊಬ್ಬರಿಗೂ ಸುತ್ತುವ ವಿದ್ಯೆ ಕಲಿಸುವ ಬದಲು ನಾಲ್ಕು ಚೀಲ ಹೊಲಿಸಿಕೊಟ್ಟರೆ ಆಯಿತಲ್ವಾ?

ಭೌತಶಾಸ್ತ್ರ ಮೇಷ್ಟ್ರು

ನಿಮ್ಮ ಮಾತಿನಲ್ಲಿ ಸತ್ಯ ಇದೆ. 2007ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಇದನ್ನೇ ಪರೀಕ್ಷೆ ಮಾಡಿದರು. ದಾರವನ್ನು ಪೆಟ್ಟಿಗೆಯಲ್ಲಿ ಹಾಕಿ ಉರುಳಿಸಿದರು. ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ಗಂಟು ಬೀಳುತ್ತಿತ್ತು. ದಾರ ಉದ್ದ ಆದಷ್ಟೂ ಗಂಟು ಜಾಸ್ತಿ, ಒಂದು ಮಟ್ಟದವರೆಗೆ. ತೀರಾ ಗಿಡ್ಡ ದಾರದಲ್ಲಿ ಬೀಳಲಿಲ್ಲ. ಪೆಟ್ಟಿಗೆ ಚಿಕ್ಕದಾಗಿ ದಾರಕ್ಕೆ ಓಡಾಡಲು ಜಾಗ ಇಲ್ಲದಿದ್ದಾಗ ಗಂಟು ಕಡಿಮೆ. ದಾರ ಬಿರುಸಾಗಿದ್ದರೂ ಕಡಿಮೆ. ಈ ಕೆಲಸಕ್ಕೆ 2008ರಲ್ಲಿ ಇಗ್ ನೊಬೆಲ್ ಕೂಡ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಅಂದರೆ ಚೀಲ ಚಿಕ್ಕದಿದ್ದು, ವೈರ್ ಅದರಲ್ಲಿ ಒತ್ತಿಕೊಂಡು ಕೂತರೆ ನಿಮ್ಮ ಪದ್ಧತಿ ಸರಿ. ದೊಡ್ಡ ಬ್ಯಾಗಿನ ತಳದಲ್ಲಿ ಸಡಿಲವಾಗಿ ಬಿಟ್ಟರೆ ಬಸ್ಸಿನ ಕುಲುಕಾಟಕ್ಕೆ ಗಂಟು ಬೀಳುವ ಸಾಧ್ಯತೆ ಜಾಸ್ತಿ. ಗಂಟು ಹಾಕಲು ಸಡಿಲ ತುದಿ ಬೇಕು. ಪಟ್ಟಿ ಹಾಕಿದ ವೈರ್‌ನಲ್ಲಿ ಆ ತುದಿ ಕಟ್ಟಿಹಾಕಿದಂತೆ ಆಗುತ್ತದೆ.

ಬಿಳಿಕೋಲು ಧಾರವಾಡ

ಚೀಲ ನನಗೂ ಒಪ್ಪಿಗೆ. ನಾನು ಸುತ್ತಿದ ಮೇಲೂ ಚೀಲಕ್ಕೇ ಹಾಕುತ್ತೇನೆ. ಆದರೆ ಎಲ್ಲಾದರೂ ಅರ್ಧ ವೈರ್ ಮಾತ್ರ ಬೇಕಾದಾಗ ಸುತ್ತಿದ್ದರೇ ಅನುಕೂಲ. ಸಾಕೆಟ್ ಹತ್ತಿರದಲ್ಲೇ ಇದ್ದರೆ ಎರಡು ಸುತ್ತು ಬಿಚ್ಚಿ, ಉಳಿದ ಎರಡನ್ನು ಪಟ್ಟಿಯಲ್ಲೇ ಬಿಡುತ್ತೇನೆ. ವೈರ್ ನೆಲದ ಮೇಲೆ ಹರಡಿದರೆ ನಮ್ಮ ಕಾಲಿಗೇ ಸಿಗುತ್ತದೆ, ಲ್ಯಾಪ್‌ಟಾಪ್ ಸಮೇತ ಕೆಳಗೆ ಬರುತ್ತದೆ.

ಇನ್ನೊಂದು ವಿಷಯ. ಅಡಾಪ್ಟರ್ ಬಿಸಿ ಇರುವಾಗ ಚೀಲಕ್ಕೆ ಹಾಕಬೇಡಿ. ಮೊದಲು ವೈರ್ ಕಿತ್ತಿಟ್ಟು, ಫೈಲ್, ನೀರಿನ ಬಾಟಲಿ ಎಲ್ಲ ಜೋಡಿಸಿಕೊಂಡು, ಚಾರ್ಜರನ್ನು ಕೊನೆಗೆ ಸುತ್ತಿ.

ಹಾಸ್ಟೆಲ್ ಹುಡುಗಿ

ನಮ್ಮ ರೂಮಿನಲ್ಲಿ ಎಲ್ಲರ ಹತ್ತಿರವೂ ಲ್ಯಾಪ್‌ಟಾಪ್ ಇದೆ. ನನಗೆ ಸುತ್ತುವುದಕ್ಕಿಂತ ದೊಡ್ಡ ಕಷ್ಟ ನನ್ನದು ಯಾವುದು ಅಂತ ಗುರುತಿಸುವುದು. ಎಲ್ಲಾ ಡಬ್ಬಿಗಳೂ ಕೈಗೆ ಒಂದೇ ಥರ. ಈಗ ಟೈಪ್ ಸಿ ಬಂದ ಮೇಲೆ ಪಿನ್ ಕೂಡ ಒಂದೇ. ಬ್ರೈಲ್ ಸ್ಟಿಕ್ಕರ್ ಅಂಟಿಸಿದೆ, ಡಬ್ಬಿಯ ಬಿಸಿಗೆ ಬಿಟ್ಟುಕೊಂಡು ಬಂತು. ಬೇರೆ ದಾರಿ ಇದ್ದರೆ ಹೇಳಿ ಸರ್.

ರಿಪೇರಿ ಬೆಂಚ್

ಬಿಸಿ ಆಗುವ ಡಬ್ಬಿಗೆ ಅಂಟು ನಿಲ್ಲುವುದಿಲ್ಲಮ್ಮ. ವೈರ್‌ಗೆ ಗುರುತು ಮಾಡು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹೀಟ್ ಶ್ರಿಂಕ್ ಟ್ಯೂಬ್ ಅಂತ ಸಿಗುತ್ತದೆ. ಬೆಂಗಳೂರಲ್ಲಾದರೆ ಎಸ್.ಪಿ. ರೋಡಿನಲ್ಲಿ ಬೇಕಾದ ಅಳತೆ ಸಿಗುತ್ತದೆ. ಪಿನ್ ದಾಟುವಷ್ಟು ಅಗಲದ್ದು ತಗೊಂಡು, ಬೆರಳಗಲ ಕತ್ತರಿಸಿ, ವೈರಿಗೆ ತೂರಿಸಿ ಬಿಸಿ ಗಾಳಿ ಹಿಡಿದರೆ ಬಿಗಿಯಾಗಿ ಕುಗ್ಗಿ ಬಳೆಯ ಹಾಗೆ ಕೂರುತ್ತದೆ. ಯಾವ ರಿಪೇರಿ ಅಂಗಡಿಯಲ್ಲಿ ಕೇಳಿದರೂ ಮಾಡಿಕೊಡುತ್ತಾರೆ. ಲ್ಯಾಪ್‌ಟಾಪ್ ವೈರ್‌ಗೆ ಎರಡು, ಫೋನಿನದಕ್ಕೆ ಒಂದು. ತುದಿಯಿಂದ ನಾಲ್ಕು ಬೆರಳು ದೂರದಲ್ಲಿ ಹಾಕಿಸು, ವೈರಿನ ಎರಡೂ ತುದಿಗೆ.

ಟೈಪ್ ಸಿಯಲ್ಲಿ ಈ ಗುರುತು ಬರೀ ಅನುಕೂಲಕ್ಕಲ್ಲ. ನೋಡಲು, ಮುಟ್ಟಲು ಒಂದೇ ಥರ ಇದ್ದರೂ ಎಲ್ಲಾ ವೈರ್ ಒಂದೇ ಅಲ್ಲ. 3 ಆಂಪಿಯರ್‌ಗಿಂತ ಜಾಸ್ತಿ ಹರಿಸುವ ವೈರ್‌ನಲ್ಲಿ ಒಂದು ಚಿಪ್ ಇರಲೇಬೇಕು. ಫೋನಿನ ಮಾಮೂಲಿ ವೈರ್ ಹಾಕಿದರೆ ಲ್ಯಾಪ್‌ಟಾಪ್ ನಿಧಾನಕ್ಕೆ ಚಾರ್ಜ್ ಆಗಬಹುದು, ಆಗದೇ ಇರಲೂಬಹುದು.

ಅಡಾಪ್ಟರ್ ತುದಿಯ ಆಕಾರವೂ ಗೊತ್ತಿರಲಿ. ಗೋಡೆ ವೈರ್ ಅಡಾಪ್ಟರ್‌ಗೆ ಸೇರುವ ಕಡೆ ಮೂರು ಗುಂಡು ಒಟ್ಟಿಗೆ ಸೇರಿದ ಆಕಾರ ಇದ್ದರೆ ಅದು ಮೂರು ತಂತಿಯದು. ಎರಡೇ ಗುಂಡು ಅಂಟಿಕೊಂಡಿದ್ದರೆ ಎರಡು ತಂತಿಯದು. ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ, ಬಲ ಹಾಕಬೇಡಿ. ಕೆಲವು ಲೆನೊವೊ ಚಾರ್ಜರ್‌ಗಳ ಪಿನ್ ಉದ್ದ ಚೌಕ, ಕೈಗೆ ಯುಎಸ್‌ಬಿ ಥರ ಅನ್ನಿಸುತ್ತದೆ. ಬಾಯಿಯೊಳಗೆ ಸಣ್ಣ ಕಡ್ಡಿ ಇದ್ದರೆ ಅದು ಚಾರ್ಜರ್. ಗೋಡೆಯಿಂದ ಕಿತ್ತ ಮೇಲೆ ಮುಟ್ಟಿ ನೋಡಿ.

ಅರೆಬೆಳಕು

ನನಗೆ ಸ್ವಲ್ಪ ಕಾಣುತ್ತದೆ. ನಮ್ಮಂಥವರಿಗೂ ಒಂದು ಮಾತು ಇರಲಿ. ಕಪ್ಪು ಬ್ಯಾಗಿನಲ್ಲಿ ಕಪ್ಪು ವೈರ್ ಇದ್ದರೆ ಇದ್ದ ದೃಷ್ಟಿಯೂ ಉಪಯೋಗಕ್ಕೆ ಬರುವುದಿಲ್ಲ. ಚೀಲ ಹಳದಿ ಬಟ್ಟೆಯದಾಗಲಿ, ಪಟ್ಟಿಯೂ ಹಳದಿ ಆಗಲಿ. ಹಾಗಂತ ಕಣ್ಣನ್ನೇ ನಂಬಿ ಕೂರಬೇಡಿ. ಸಂಜೆ ಹೊತ್ತು ಕಣ್ಣು ದಣಿದಿರುತ್ತದೆ. ಕೈ ಅಭ್ಯಾಸ ಇದ್ದರೆ ಆಗ ಅದೇ ಕಾಪಾಡುತ್ತದೆ.

ನಿವೃತ್ತ ಶಿಕ್ಷಕ

ನನಗೆ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಯಿತು. ಅದೇ ಕಾಯಿಲೆಯಿಂದ ಬೆರಳ ತುದಿಯೂ ಜೋಮು ಹಿಡಿದಿದೆ. ಬ್ರೈಲ್ ಚುಕ್ಕಿ, ಸಣ್ಣ ಬಳೆ ಇವು ನನ್ನ ಕೈಗೆ ತಿಳಿಯುವುದಿಲ್ಲ. ನೀವು ಹೇಳುವುದೆಲ್ಲ ಬೆರಳು ಚುರುಕಾಗಿರುವವರಿಗೆ. ನನ್ನಂಥವರು ಬಹಳ ಜನ ಇದ್ದಾರೆ.

ಬಿಳಿಕೋಲು ಧಾರವಾಡ

ಸರ್, ಇದನ್ನು ನೀವು ಬರೆದದ್ದು ಬಹಳ ಮುಖ್ಯ. ನಿಮಗೆ ದೊಡ್ಡ ಗುರುತು ಬೇಕು. ಎರಡು ಬೆರಳಗಲದ ದಪ್ಪ ಬಟ್ಟೆ ಲಾಡಿ ಕಟ್ಟಿ, ತುದಿಗೆ ಕೋಟಿನ ದೊಡ್ಡ ಗುಂಡಿ ಹೊಲಿಸಿ. ಅಂಗೈಗೇ ಸಿಗುತ್ತದೆ. ವೆಲ್ಕ್ರೋ ನಿಮಗೆ ಇನ್ನೂ ಅನುಕೂಲ, ಯಾಕೆಂದರೆ ಅಂಟಿತೋ ಇಲ್ಲವೋ ಅಂತ ಸದ್ದಿನಲ್ಲೇ ತಿಳಿಯುತ್ತದೆ. ಒರಟು ಮುಖ ಒಳಗಡೆ ಬರುವ ಹಾಗೆ ಹೊಲಿಸಿ, ಇಲ್ಲದಿದ್ದರೆ ಸ್ವೆಟರ್, ಶಾಲು ಎಲ್ಲ ಹಿಡಿಯುತ್ತದೆ.

ಅಡಾಪ್ಟರ್ ಬಿಸಿ ಇದೆಯಾ ಅಂತ ಬೆರಳ ತುದಿಯಿಂದ ನೋಡಬೇಡಿ ಸರ್. ಕೈಗಳಲ್ಲಿ ಸ್ಪರ್ಶ ಎಲ್ಲಿ ಚೆನ್ನಾಗಿದೆಯೋ ಅಲ್ಲಿ, ಮುಂಗೈಯ ಮೇಲ್ಭಾಗದಲ್ಲಿ ಹತ್ತಿರ ಹಿಡಿದು ನೋಡಿ. ಸಂಶಯ ಇದ್ದರೆ ಚಾರ್ಜರ್ ಕಿತ್ತು ಅರ್ಧ ಗಂಟೆ ಬಿಟ್ಟು ಸುತ್ತಿ.

ರಬ್ಬರ್ ಬ್ಯಾಂಡ್ ಯಾರೂ ಹಾಕಬೇಡಿ. ಬೇಸಿಗೆಯಲ್ಲಿ ಕರಗಿ ವೈರಿಗೆ ಅಂಟಿಕೊಳ್ಳುತ್ತದೆ.

ಹಾಸನದ ಅಮ್ಮ

ನನ್ನ ಮಗಳು ಒಂಬತ್ತನೇ ಕ್ಲಾಸ್. ಹುಟ್ಟಿನಿಂದ ಕಾಣುವುದಿಲ್ಲ. ಹೊಸ ಲ್ಯಾಪ್‌ಟಾಪ್ ಬಂದಿದೆ. ಚಾರ್ಜರ್ ನಾನೇ ಸುತ್ತಿ ಕೊಡುತ್ತೇನೆ. ಅವಳ ಕೈ ಹಿಡಿದು ಮಾಡಿಸಲು ಹೋದರೆ ಕೈ ಎಳೆದುಕೊಳ್ಳುತ್ತಾಳೆ, ಸಿಟ್ಟು ಮಾಡುತ್ತಾಳೆ. ಜೊತೆಗೆ ಅವಳು ಎಡಚಿ. ಹೇಗೆ ಕಲಿಸಲಿ?

ಕಲಿಸುವ ಅಕ್ಕ

ಅಮ್ಮಾ, ನಾನು ದೃಷ್ಟಿ ಇಲ್ಲದ ಮಕ್ಕಳಿಗೆ ಕಲಿಸುತ್ತೇನೆ. ಅವಳು ಕೈ ಎಳೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಅವಳಿಗೆ ಕೈಯೇ ಕಣ್ಣು. ಅದನ್ನು ಬೇರೆಯವರು ಹಿಡಿದು ಎಳೆದಾಡಿದರೆ ಯಾರಿಗೆ ತಾನೇ ಹಿತ?

ತಿರುವಿಮುರುವಿ ಮಾಡಿ. ನಿಮ್ಮ ಕೈ ಕೆಳಗೆ ಇರಲಿ, ಅವಳ ಕೈ ನಿಮ್ಮ ಕೈ ಮೇಲೆ ಇರಲಿ. ನೀವು ನಿಧಾನಕ್ಕೆ ಸುತ್ತಿ. ಅವಳು ನಿಮ್ಮ ಬೆರಳು ಹೇಗೆ ಓಡುತ್ತದೆ ಅಂತ ಮುಟ್ಟಿ ತಿಳಿಯುತ್ತಾಳೆ. ಬೇಕಾದಾಗ ಕೈ ತೆಗೆಯಬಹುದು. ಅವಳ ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಅಥವಾ ಹಿಂದೆ ಕೂತು ಮಾಡಿ, ಆಗ ಇಬ್ಬರ ಕೈಯೂ ಒಂದೇ ದಿಕ್ಕಿಗೆ ಇರುತ್ತದೆ.

ಪೂರ್ತಿ ಕೆಲಸ ಒಟ್ಟಿಗೆ ಕಲಿಸಬೇಡಿ. ಮೊದಲು ಕೊನೆಯ ಹೆಜ್ಜೆ ಅವಳಿಗೆ ಬಿಡಿ. ನೀವು ಸುತ್ತಿ, ಪಟ್ಟಿ ಅಂಟಿಸುವುದು ಅವಳು. ಅದು ಬಂದ ಮೇಲೆ ಕೊನೆಯ ಸುತ್ತು ಮತ್ತು ಪಟ್ಟಿ ಅವಳದು. ಹೀಗೆ ಹಿಂದಿನಿಂದ ಮುಂದಕ್ಕೆ ಬನ್ನಿ. ಪ್ರತಿ ಸಲವೂ ಕೆಲಸ ಮುಗಿಸಿದವಳು ಅವಳೇ ಆಗಿರುತ್ತಾಳೆ. ಮೊದಲು ಚಾರ್ಜರ್ ಬೇಡ. ಕರೆಂಟ್ ಇಲ್ಲದ ಯಾವುದಾದರೂ ದಪ್ಪ ಹಗ್ಗ, ಬಟ್ಟೆ ಒಣಹಾಕುವ ಹಗ್ಗ ಆದರೂ ಆದೀತು, ಅದರಲ್ಲಿ ಅಭ್ಯಾಸ ಮಾಡಿಸಿ.

ಹಾಸನದ ಅಮ್ಮ

ಅಕ್ಕಾ, ಕೈ ಕೆಳಗಿಟ್ಟು ಮಾಡುವುದು ನನಗೆ ಹೊಳೆದೇ ಇರಲಿಲ್ಲ. ಇವತ್ತು ಸಂಜೆಯೇ ಶುರು ಮಾಡುತ್ತೇನೆ. ಎಡಗೈ ವಿಷಯ?

ಬಿಳಿಕೋಲು ಧಾರವಾಡ

ಎಡಚಿ ಆದರೆ ನಾನು ಬರೆದ ಎಡ ಬಲ ಪೂರ್ತಿ ಅದಲು ಬದಲು ಮಾಡಿ ತಾಯಿ. ಡಬ್ಬಿಯ ಕತ್ತು ಎಡಗಡೆ ಬರಲಿ. ಬಲಗೈ ಹಿಡಿಯಲಿ, ಎಡಗೈ ಸುತ್ತಲಿ. ಸುತ್ತುವ ದಿಕ್ಕು ತಾನಾಗೇ ಬದಲಾಗುತ್ತದೆ. ನೀವು ಬಲಗೈಯವರಾದರೆ ಅವಳಿಗೆ ತೋರಿಸುವಾಗ ನೀವೂ ಎಡಗೈಯಲ್ಲೇ ಸುತ್ತಿ. ಮೊದಲು ನೀವೊಬ್ಬರೇ ಕೂತು ಅಭ್ಯಾಸ ಮಾಡಿಕೊಳ್ಳಿ. ಒಮ್ಮೆ ಅವಳು ಒಂದು ದಿಕ್ಕಿಗೆ ಸುತ್ತಲು ಶುರು ಮಾಡಿದ ಮೇಲೆ ಮನೆಯಲ್ಲಿ ಬೇರೆ ಯಾರೂ ಆ ವೈರ್ ಸುತ್ತಬಾರದು. ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಸುತ್ತಿದರೆ ವೈರ್ ಯಾವ ಕಡೆಗೂ ಮಲಗುವುದಿಲ್ಲ.

ಶಾಲೆಗೆ ಒಯ್ಯುವಾಗ ಮೂರು ಪಿನ್ನಿನ ಪ್ಲಗ್ ಮಾತ್ರ ಲ್ಯಾಪ್‌ಟಾಪ್ ಇರುವ ಅರೆಯಲ್ಲಿ ಹಾಕಬೇಡಿ. ಆ ದಪ್ಪ ಪಿನ್ ಮುಚ್ಚಳಕ್ಕೆ ಒತ್ತಿ ಗೀರುತ್ತದೆ, ಸ್ಕ್ರೀನಿಗೂ ಪೆಟ್ಟಾಗಬಹುದು. ಗೋಡೆ ವೈರಿಗೆ ಬೇರೆ ಚೀಲ, ಅಡಾಪ್ಟರ್‌ಗೆ ಬೇರೆ ಚೀಲ. ಎರಡೂ ಬ್ಯಾಗಿನ ಮುಂದಿನ ಅರೆಯಲ್ಲಿ ಇರಲಿ. ನಾನು ಯಾವಾಗಲೂ ಗೋಡೆ ವೈರ್ ಎಡಕ್ಕೆ, ಅಡಾಪ್ಟರ್ ಬಲಕ್ಕೆ ಇಡುತ್ತೇನೆ. ಅವಳೇ ಜಾಗ ಆರಿಸಲಿ, ನೀವು ಬದಲಾಯಿಸಬೇಡಿ.

ಹಾಸ್ಟೆಲ್ ಹುಡುಗಿ

ಸರ್, ಟ್ಯೂಬ್ ಹಾಕಿಸಿದೆ. ಎರಡು ಬಳೆ. ರೂಮಿನವರೂ ತಮ್ಮ ತಮ್ಮದಕ್ಕೆ ಹಾಕಿಸಿಕೊಂಡರು, ಅವರಿಗೂ ಕತ್ತಲಲ್ಲಿ ಸಿಗಬೇಕಂತೆ. ಒಬ್ಬಳಿಗೆ ಮೂರು, ಇನ್ನೊಬ್ಬಳಿಗೆ ಒಂದು. ಈಗ ಇಯರ್‌ಫೋನ್ ವೈರ್‌ಗೆ ಏನು ಮಾಡುವುದು? ಅದು ತೀರಾ ಸಣ್ಣ, ಬಳೆ ನಿಲ್ಲುತ್ತಿಲ್ಲ.

ಸೌಂಡ್ ಸಿಸ್ಟಂ ಶಿವಮೊಗ್ಗ

ಅದನ್ನು ಸುತ್ತಬೇಡ ತಂಗಿ. ತೋರುಬೆರಳಿಗೂ ಕಿರುಬೆರಳಿಗೂ ಅಡ್ಡಲಾಗಿ ಎಂಟರ ಆಕಾರದಲ್ಲಿ ಹಾಕು. ಒಂದು ಬೆರಳಿನ ಮುಂದಿನಿಂದ ಬಂದು, ನಡುವೆ ದಾಟಿ, ಇನ್ನೊಂದರ ಹಿಂದಿನಿಂದ. ನಡುವಿನ ಅಡ್ಡ ಜಾಗದಲ್ಲಿ ಒಂದು ಸಣ್ಣ ಬಟ್ಟೆ ಕ್ಲಿಪ್ ಹಾಕಿದರೆ ಸಾಕು. ಕ್ಲಿಪ್ಪೇ ಗುರುತು.